ಬೇಜಾರಿಗೆ ಎಷ್ಟು ಅಂಕ?

ಕನ್ನಡದಲ್ಲಿ ‘ಬೇಜಾರು’ ಅನ್ನೋ ಪದ ಬಹಳ ದುಡಿಯತ್ತೆ. ಮಳೆ ಬಂದು ಮ್ಯಾಚ್ ನಿಂತರೂ ಬೇಜಾರು, ಅತ್ತೆ ಗದರಿದರೂ ಬೇಜಾರು, ಬದುಕೇ ಬೇಡ ಅನ್ನಿಸಿದರೂ ಬೇಜಾರು. ‘ಟೆನ್ಷನ್’ ಕೂಡ ಹಾಗೇ. ಡಾಕ್ಟರ ಮುಂದೆ ಕೂತಾಗ ಬಾಯಿಗೆ ಬರೋದು ಇವೆರಡೇ. ಇದರಲ್ಲಿ ಖಿನ್ನತೆ ಎಷ್ಟು, ಆತಂಕ ಎಷ್ಟು ಅಂತ ಬಿಡಿಸೋದು ಹೇಗೆ?

ಅದಕ್ಕೆ ಪ್ರಶ್ನಾವಳಿಗಳಿವೆ. ಖಿನ್ನತೆಗೆ ಹೆಚ್ಚು ಬಳಕೆಯಲ್ಲಿರೋದು 2001ರ ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಇದು ಎಷ್ಟು ದಿನ ಕಾಡ್ತು ಅಂತ ಕೇಳತ್ತೆ. ಇಲ್ಲವೇ ಇಲ್ಲ ಅಂದ್ರೆ 0, ಹೆಚ್ಚುಕಮ್ಮಿ ದಿನಾ ಅಂದ್ರೆ 3. ಒಟ್ಟು 27. ಹತ್ತು ಮುಟ್ಟಿದರೆ ಡಾಕ್ಟರು ಕೂತು ವಿವರವಾಗಿ ವಿಚಾರಿಸಬೇಕು. ಆತಂಕಕ್ಕೆ 2006ರಲ್ಲಿ ಬಂದ ಜಿಎಡಿ-7 ಇದೆ, ಏಳು ಪ್ರಶ್ನೆ, 21 ಅಂಕ.

ಈಗ ಒಬ್ಬ ಬಾಣಂತಿಯನ್ನ ಊಹಿಸಿಕೊಳ್ಳಿ. ಮಗುವಿಗೆ ಎರಡು ತಿಂಗಳು. ನಿದ್ದೆ ಇಲ್ಲ, 3. ಸುಸ್ತು, 3. ಊಟ ಸೇರಲ್ಲ, 3. ಯಾವುದರಲ್ಲೂ ಗಮನ ನಿಲ್ಲಲ್ಲ, 3. ಆಯ್ತಲ್ಲ, ಹನ್ನೆರಡು! ಆದ್ರೆ ಮಗು ನಕ್ಕರೆ ಇವಳೂ ನಗ್ತಾಳೆ, ಅಕ್ಕನ ಫೋನ್ ಬಂದ್ರೆ ಅರ್ಧ ಗಂಟೆ ಹರಟ್ತಾಳೆ. ಪಕ್ಕದ ಮನೆ ಬಾಣಂತಿಗೂ ಹನ್ನೆರಡೇ. ಅವಳಿಗೆ ಯಾವುದರಲ್ಲೂ ಖುಷಿ ಇಲ್ಲ, ಮನಸ್ಸು ಕುಗ್ಗಿದೆ, ನಾನು ಕೆಲಸಕ್ಕೆ ಬಾರದವಳು ಅನ್ನಿಸತ್ತೆ, ನಿದ್ದೆಯೂ ಇಲ್ಲ. ಮೊದಲನೆಯವಳಿಗೆ ರಕ್ತಹೀನತೆ ಇದೆಯಾ, ಥೈರಾಯ್ಡ್ ಸರಿ ಇದೆಯಾ ನೋಡಬೇಕು. ಎರಡನೆಯವಳ ಮನಸ್ಸನ್ನೇ ನೋಡಬೇಕು. ಬರೀ ಮೊತ್ತ ನೋಡಿ ಕಾಯಿಲೆಗೆ ಹೆಸರಿಡೋದು ನನ್ನ ಪ್ರಕಾರ ಸೋಮಾರಿತನ.

ಬಾಣಂತನದ ಸುಸ್ತೇ ಖಿನ್ನತೆಯ ಥರ ಕಾಣೋ ಈ ತೊಡಕನ್ನ 1987ರಲ್ಲೇ ಜಾನ್ ಕಾಕ್ಸ್ ಮತ್ತು ಸಂಗಡಿಗರು ಗಮನಿಸಿದ್ದರು. ಬಾಣಂತಿಯರಿಗಾಗಿಯೇ ಎಡಿನ್‌ಬರೋ ಮಾಪಕ ಅಂತ ಮಾಡಿದರು. ಹತ್ತು ಪ್ರಶ್ನೆ. ಅದು ‘ನಿದ್ದೆ ಬರ್ತಿಲ್ವಾ’ ಅಂತ ಕೇಳಲ್ಲ. ನಿದ್ದೆಯೇ ಬರದಷ್ಟು ದುಃಖ ಆಗಿದ್ಯಾ ಅಂತ ಕೇಳತ್ತೆ. ಎಷ್ಟು ವ್ಯತ್ಯಾಸ ನೋಡಿ. ಇನ್ನೊಂದು ತಮಾಷೆ ಅಂದ್ರೆ, ಖಿನ್ನತೆ ಅಳೆಯೋಕೆ ಮಾಡಿದ ಆ ಹತ್ತರಲ್ಲಿ ಮೂರು ಪ್ರಶ್ನೆ ಸೇರಿಸಿ ನೋಡಿದ್ರೆ ಆತಂಕವನ್ನೇ ಅಳೀತವೆ!

ಯಾಕಂದ್ರೆ ಇವೆರಡೂ ಅಕ್ಕತಂಗಿಯರ ಥರ, ಬಹಳ ಸಲ ಜೊತೆಯಲ್ಲೇ ಬರ್ತವೆ. 1991ರಲ್ಲಿ ಕ್ಲಾರ್ಕ್ ಮತ್ತು ವಾಟ್ಸನ್ ಅನ್ನೋ ಮನೋವಿಜ್ಞಾನಿಗಳು ಹೀಗೆ ಬಿಡಿಸಿದರು: ಮನಸ್ಸಿನ ಸಂಕಟ ಎರಡಕ್ಕೂ ಸೇರಿದ್ದು. ಖುಷಿಯೇ ಬತ್ತಿ ಹೋಗೋದು ಖಿನ್ನತೆಯ ಗುರುತು. ಎದೆ ಢವಢವ, ಕೈ ನಡುಕ, ಉಸಿರು ಕಟ್ಟೋದು ಆತಂಕದ ಗುರುತು. ಮಾತಿನಲ್ಲೂ ಸುಳಿವು ಸಿಗತ್ತೆ. ‘ಮಗುಗೆ ಏನಾದ್ರೂ ಆದ್ರೆ ಏನು ಗತಿ’ ಅನ್ನೋಳು ಒಬ್ಬಳು. ‘ನಾನಿಲ್ಲದಿದ್ರೂ ಮಗು ಬೆಳೆಯತ್ತೆ ಬಿಡಿ’ ಅನ್ನೋಳು ಇನ್ನೊಬ್ಬಳು.

ಆ ಎರಡನೇ ಮಾತು ಕೇಳಿದರೆ ಲೆಕ್ಕ ಹಾಕ್ತಾ ಕೂರಬೇಡಿ. ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆ ಸಾಯೋ ಯೋಚನೆಯದ್ದು. ಒಟ್ಟು ಅಂಕ ಎಷ್ಟೇ ಕಮ್ಮಿ ಇರಲಿ, ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಇದ್ದರೂ ಅವತ್ತೇ ಯಾರಿಗಾದರೂ ಹೇಳಿ. ಆ ಯೋಚನೆ ಇರೋರನ್ನ ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ನಂಬರು 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು.