ಮಂಗಳ ಹಾಡಿದ ರಾತ್ರಿ

ವೃತ್ತಿ ನಾಟಕ ಕಂಪನಿಗಳ ಪ್ರೇಕ್ಷಕನಿಗೆ ಒಂದು ವಿಶೇಷ ಹಕ್ಕಿತ್ತು. ಮೆಚ್ಚಿದ ಹಾಡಿಗೆ ಆತ ‘ಒನ್ಸ್ ಮೋರ್’ ಎಂದು ಕೂಗಿದರೆ, ನಟ ಕಥೆಯನ್ನೇ ನಿಲ್ಲಿಸಿ ಮತ್ತೆ ಹಾಡುತ್ತಿದ್ದ. ಇದು ರಸಭಂಗವೆಂದು ಪಂಡಿತರು ಆಕ್ಷೇಪಿಸುವುದುಂಟು. ನನಗಾದರೋ ಅದು ರಸಿಕತೆಯ ಪಾಠಶಾಲೆಯಾಗಿ ಕಾಣುತ್ತದೆ. ಅಕ್ಷರ ಬಾರದವರೂ ಅಲ್ಲಿ ಪೌರಾಣಿಕ ನಾಟಕಗಳ ಪ್ರೌಢ ಕನ್ನಡವನ್ನು ಕಿವಿಯಿಂದಲೇ ಕಲಿತರು.

1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ಈ ಪರಂಪರೆಯ ದೊಡ್ಡ ಹೆಸರು. ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಅಂಥ ವೈಭವವನ್ನು ಕಾಣದಿದ್ದರೂ ನಮ್ಮೂರಿನ ತಗಡಿನ ಥಿಯೇಟರು ಅದೇ ಬಳ್ಳಿಯ ಕುಡಿ. ಅದು ಮುಚ್ಚುವ ಮುನ್ನಿನ ಕೊನೆಯ ಆಟಕ್ಕೆ ನಾನು ಹೋಗಿದ್ದೆ.

ವರ್ಷಗಳಿಂದ ಬರಿದಾಗಿದ್ದ ಕುರ್ಚಿಗಳೆಲ್ಲ ಅಂದು ತುಂಬಿದ್ದವು. ಹಾಡು ಹಾಡಿಗೂ ‘ಒನ್ಸ್ ಮೋರ್’. ಹಾರ್ಮೋನಿಯಂ ಮಾಸ್ತರರು ದಣಿವರಿಯದೆ ನುಡಿಸಿದರು. ಕೊನೆಗೆ ಮಂಗಳಗೀತೆ. ಯಾರೋ ಅದಕ್ಕೂ ಕೂಗಿದರು. ಕಲಾವಿದರು ಸುಮ್ಮನೆ ಕೈಮುಗಿದರು, ಪರದೆ ಇಳಿಯಿತು.

ಅಂದು ನೆರೆದವರಲ್ಲಿ ಅರ್ಧದಷ್ಟು ಜನ ಮೊದಲಿನಿಂದಲೂ ಬರುತ್ತಿದ್ದರೆ ಆ ವಿದಾಯದ ಆಟವೇ ಬೇಕಾಗುತ್ತಿರಲಿಲ್ಲವೇನೋ. ಆದರೆ ಈಗ ಮಾಡಬೇಕಾದ ಕೆಲಸ ಬೇರೆಯಿದೆ. ಕಂಪನಿಗಳ ಎಷ್ಟೋ ನಾಟಕಗಳು ಅಚ್ಚಾಗದೆ ಕೈಬರಹದಲ್ಲೇ ಉಳಿದಿವೆ. ಹಾಡುಗಳ ಮಟ್ಟುಗಳು ವೃದ್ಧ ಕಲಾವಿದರ ಕಂಠದಲ್ಲಿವೆ. ಅವರು ಇರುವಾಗಲೇ ಆ ಮಟ್ಟುಗಳನ್ನು ಕೇಳಿ, ಬರೆದು, ಧ್ವನಿಮುದ್ರಿಸಿಕೊಳ್ಳಬೇಕು. ನಾವು ಅವರಿಗೆ ‘ಒನ್ಸ್ ಮೋರ್’ ಎನ್ನಬೇಕಾದದ್ದು ಈಗ.