ಮದ್ದನ್ನು ದಾಟಿಸುವ ಅಂಬಿಗರು



ಈ ದತ್ತಿ ಉಪನ್ಯಾಸಕ್ಕಿರುವ ಷರತ್ತು ಒಂದೇ. ವಿಜ್ಞಾನದ ಮಾತನ್ನು ಕನ್ನಡದಲ್ಲಿ ಆಡಬೇಕು. ನಾನು ವರ್ಷಗಟ್ಟಲೆ ಔಷಧಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಪಾಠ ಹೇಳಿದವನು. ಆದರೆ ಇವತ್ತಿನ ವಿಷಯ ನನಗೆ ಮನದಟ್ಟಾದದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ, ಅಚ್ಚಗನ್ನಡದಲ್ಲಿ. ಅಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮ ತಂದೆಗೆ ಪಾರ್ಕಿನ್ಸನ್ ಕಾಯಿಲೆ ಇತ್ತು. ದಿನಕ್ಕೆ ಮೂರು ಹೊತ್ತು ಲೀವೊಡೋಪಾ ಮಾತ್ರೆ. ಬೆಳಿಗ್ಗೆ ಎದ್ದು ಬರಿಹೊಟ್ಟೆಯಲ್ಲಿ ನುಂಗಿದರೆ ಮುಕ್ಕಾಲು ಗಂಟೆಯೊಳಗೆ ಕೈ ಸಡಿಲವಾಗುತ್ತಿತ್ತು. ಆಗ ಅಂಗಿಯ ಗುಂಡಿಗಳನ್ನು ಅವರೇ ಹಾಕಿಕೊಳ್ಳುತ್ತಿದ್ದರು. ಹೆಬ್ಬೆರಳಿನಿಂದ ಗುಂಡಿಯನ್ನು ಓರೆಯಾಗಿ ಒತ್ತಿ, ಇನ್ನೊಂದು ಕೈಯಿಂದ ಕಾಜದ ಅಂಚನ್ನು ಎಳೆದು, ಒಂದೊಂದಾಗಿ ಐದು ಗುಂಡಿ. ಮಧ್ಯಾಹ್ನದ ಮಾತ್ರೆಯ ಕಥೆ ಬೇರೆ. ಕೆಲವು ದಿನ ಕೆಲಸ ಮಾಡುತ್ತಿತ್ತು, ಕೆಲವು ದಿನ ನುಂಗಿದ್ದೇ ಸುಳ್ಳೇನೋ ಅನ್ನುವ ಹಾಗೆ ಕೈ ಮರಗಟ್ಟಿಕೊಂಡೇ ಇರುತ್ತಿತ್ತು. ಅದೇ ಪಟ್ಟಿ, ಅದೇ ಮಾತ್ರೆ. ಅಮ್ಮ ಒಂದು ದಿನ ಹೇಳಿದರು: “ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ನಿಮ್ಮಪ್ಪನ ಕೈ ಹಿಡ್ಕೊಳ್ಳುತ್ತೆ ಕಣೋ.” ಔಷಧಶಾಸ್ತ್ರದ ಮೇಷ್ಟ್ರಾದ ನಾನು, ಸಾರಿಗೂ ಮಾತ್ರೆಗೂ ಏನು ಸಂಬಂಧವಮ್ಮ ಎಂದೆ. ಸಂಬಂಧ ಇತ್ತು. ಅದನ್ನು ಕಾಣದೆ ಹೋದದ್ದು ನನ್ನ ತಪ್ಪು. ಆ ತಪ್ಪಿನಿಂದ ತಂದೆ ಎಷ್ಟೋ ಮಧ್ಯಾಹ್ನ ಕಷ್ಟಪಟ್ಟರು.

ನಮ್ಮ ಪ್ರತಿ ಜೀವಕೋಶದ ಸುತ್ತಲೂ ಕೊಬ್ಬಿನ ತೆಳು ಪೊರೆಯಿದೆ. ಸಣ್ಣದಾಗಿ ಜಿಡ್ಡಿನ ಸ್ವಭಾವದ್ದಾಗಿರುವ ಅಣು ಅದರಲ್ಲಿ ತಾನಾಗಿ ತೂರಿಹೋಗುತ್ತದೆ. ಸಕ್ಕರೆ, ಅಮೈನೋ ಆಮ್ಲಗಳಂಥ ನೀರಿನ ನಂಟುಳ್ಳವು ತೂರಲಾರವು. ಅವನ್ನು ಆಚೆ ದಡಕ್ಕೆ ಮುಟ್ಟಿಸಲು ಪೊರೆಯಲ್ಲಿ ಪ್ರೋಟೀನುಗಳು ನಾಟಿಕೊಂಡಿವೆ. ಪುಸ್ತಕದಲ್ಲಿ ಅವನ್ನು ವಾಹಕ ಪ್ರೋಟೀನುಗಳು ಎನ್ನುತ್ತಾರೆ. ನಾನು ಅಂಬಿಗರು ಎನ್ನುತ್ತೇನೆ. ಹೊಳೆಯಲ್ಲಿ ಹರಿಗೋಲು ಹತ್ತಿದವರಿಗೆ ಈ ಹೋಲಿಕೆ ವಿವರಿಸಬೇಕಿಲ್ಲ. ಹರಿಗೋಲಿನಲ್ಲಿ ಹಿಡಿಸುವಷ್ಟೇ ಜನ. ಉಳಿದವರು ದಡದಲ್ಲಿ ಕಾಯಬೇಕು. ಒಂದು ವ್ಯತ್ಯಾಸವೆಂದರೆ ಈ ಅಂಬಿಗ ಗುರುತು ಹಿಡಿದವರನ್ನು ಮಾತ್ರ ಹತ್ತಿಸಿಕೊಳ್ಳುತ್ತಾನೆ. ಆ ಪ್ರೋಟೀನಿಗೆ ಎರಡೂ ಕಡೆ ಬಾಯಿಯಿದೆ, ಆದರೆ ಎರಡೂ ಒಟ್ಟಿಗೆ ತೆರೆಯುವುದಿಲ್ಲ. ಈ ಕಡೆ ತೆರೆದು ಅಣುವನ್ನು ಹಿಡಿಯುತ್ತದೆ, ಮುಚ್ಚಿಕೊಂಡು ಮೈ ಮಗ್ಗುಲಾಗಿಸುತ್ತದೆ, ಆ ಕಡೆ ತೆರೆದು ಬಿಡುತ್ತದೆ. 1966ರಲ್ಲೇ ಓಲೆಗ್ ಯಾರ್ಡೆಟ್ಸ್ಕಿ ಇದು ಹೀಗಿರಬೇಕೆಂದು ಊಹಿಸಿ ಬರೆದಿದ್ದರು. ಮನುಷ್ಯನ ದೇಹದಲ್ಲಿ ಇಂಥ ಅಂಬಿಗರು ನಾನೂರಕ್ಕೂ ಹೆಚ್ಚು ಬಗೆಯವರಿದ್ದಾರೆ.

ಕರುಳಿನಲ್ಲಿರುವ ಒಬ್ಬ ಅಂಬಿಗ ಸೋಡಿಯಂ ಜೊತೆಗಿದ್ದರೆ ಮಾತ್ರ ಸಕ್ಕರೆಯನ್ನು ದಾಟಿಸುತ್ತಾನೆ. ರಾಬರ್ಟ್ ಕ್ರೇನ್ ಇದನ್ನು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಹೇಳಿದರು. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಸಕ್ಕರೆ ಒಟ್ಟಿಗೆ ದಾಟಿದರೆ ಅವುಗಳ ಹಿಂದೆಯೇ ನೀರೂ ದಾಟುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಬಂಗಾಳದ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಉಪ್ಪು-ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಭೇದಿಯಾದಾಗ ನಮ್ಮ ಅಜ್ಜಿಯರು ಗಂಜಿಗೆ ಉಪ್ಪು ಹಾಕಿ ಕುಡಿಸುತ್ತಿದ್ದುದೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ಇದೇ ಒಂದು ಉಪನ್ಯಾಸಕ್ಕಾಗುವಷ್ಟಿದೆ; ಇವತ್ತು ಮುಂದೆ ಹೋಗುತ್ತೇನೆ.

ಈ ಅಂಬಿಗರು ಇರುವುದು ಆಹಾರಕ್ಕಾಗಿ. ಇದು ನಾನು ಇವತ್ತು ಹೇಳಬೇಕೆಂದು ಬಂದ ಮಾತು. ಮಾತ್ರೆಗಾಗಿ ದೇಹ ಯಾವ ದೋಣಿಯನ್ನೂ ಕಟ್ಟಿಸಿಲ್ಲ. ಎಷ್ಟೋ ಮದ್ದುಗಳು ಅನ್ನದ ದೋಣಿಯಲ್ಲಿ, ಅನ್ನದ ಚಹರೆ ತೋರಿಸಿ ದಾಟುತ್ತವೆ. ಅನ್ನ ಬಂದಾಗ ಜಾಗ ಬಿಡಬೇಕಾಗುತ್ತದೆ.

ಲೀವೊಡೋಪಾ ಮದ್ದಾದ ಕಥೆಯಲ್ಲಿ ನಮ್ಮ ಕಾಡಿನ ಗಿಡವೊಂದರ ಪಾತ್ರವಿದೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧಿಯ ಬೇರಿನಿಂದ 1952ರಲ್ಲಿ ರೆಸರ್ಪೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಮಿದುಳಿನ ನರಗಳು ಕೈಕಾಲಿನ ಚಲನೆಗೆ ಬೇಕಾದ ಡೋಪಮೀನನ್ನು ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಳ್ಳುತ್ತವೆ. ಚೀಲ ತುಂಬುವವನೂ ಒಬ್ಬ ಅಂಬಿಗನೇ. ರೆಸರ್ಪೀನ್ ಅವನ ಕೈ ಕಟ್ಟುತ್ತದೆ, ಚೀಲ ಬರಿದಾಗುತ್ತದೆ. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ರೆಸರ್ಪೀನ್ ಕೊಟ್ಟ ಪ್ರಾಣಿಗಳು ಅಲುಗಾಡದೆ ಬಿದ್ದಿರುವುದನ್ನು ನೋಡಿದರು. ಮೊಲಗಳ ಕಿವಿಗಳು ಜೋತುಬಿದ್ದಿದ್ದವು. ಡೋಪಮೀನನ್ನೇ ರಕ್ತಕ್ಕೆ ಕೊಟ್ಟರೆ ಅದು ಮಿದುಳಿಗೆ ದಾಟದು. ಅದಕ್ಕೇ ಅವರು ಡೋಪಮೀನಾಗುವ ಮುಂಚಿನ ರೂಪವಾದ ಡೋಪಾವನ್ನು ಕೊಟ್ಟರು. ಮೊಲಗಳು ಎದ್ದು ಓಡಾಡಿದವು. 2000ದಲ್ಲಿ ಕಾರ್ಲ್ಸನ್ನರಿಗೆ ನೊಬೆಲ್ ಬಂತು.

ಡೋಪಮೀನ್ ದಾಟದ ಕಡೆ ಡೋಪಾ ಹೇಗೆ ದಾಟಿತು? ಡೋಪಾ, ಅಂದರೆ ತಂದೆ ನುಂಗುತ್ತಿದ್ದ ಲೀವೊಡೋಪಾ, ಒಂದು ಅಮೈನೋ ಆಮ್ಲ. ಮಿದುಳಿನ ರಕ್ತನಾಳದ ಗೋಡೆಯಲ್ಲಿ ಲ್ಯಾಟ್-1 ಎಂಬ ಅಂಬಿಗನಿದ್ದಾನೆ. ಲೂಸಿನ್, ಫಿನೈಲಅಲನಿನ್, ಟೈರೊಸಿನ್ ಮುಂತಾದ ದೊಡ್ಡ ಅಮೈನೋ ಆಮ್ಲಗಳನ್ನು ದಾಟಿಸುವುದು ಅವನ ಕಸುಬು. ಡೋಪಾ ಟೈರೊಸಿನ್‌ನ ಹತ್ತಿರದ ನೆಂಟ, ಮುಖಚಹರೆ ಒಂದೇ. ಅಂಬಿಗ ಹತ್ತಿಸಿಕೊಂಡ.

ಅಮ್ಮನ ಮಾತಿಗೆ ಪ್ರಯೋಗದ ಪುರಾವೆ 1984ರಲ್ಲೇ ಅಚ್ಚಾಗಿತ್ತು. ಅಮೆರಿಕದ ಒರೆಗಾನ್‌ನಲ್ಲಿ ಜಾನ್ ನಟ್ ಮತ್ತು ಸಂಗಡಿಗರು ಪಾರ್ಕಿನ್ಸನ್ ರೋಗಿಗಳ ರಕ್ತನಾಳಕ್ಕೇ ಲೀವೊಡೋಪಾವನ್ನು ಒಂದೇ ಸಮನೆ ಹರಿಸಿದರು. ಹೊಟ್ಟೆ, ಕರುಳಿನ ತಕರಾರೇ ಇಲ್ಲದಂತಾಯಿತು. ರೋಗಿಗಳು ಸಲೀಸಾಗಿ ನಡೆದಾಡುತ್ತಿದ್ದಾಗ ಪ್ರೋಟೀನು ತುಂಬಿದ ಊಟ ಕೊಟ್ಟರು. ರಕ್ತದಲ್ಲಿ ಮದ್ದು ಇದ್ದಷ್ಟೇ ಇತ್ತು, ಕೈಕಾಲು ಮಾತ್ರ ಮತ್ತೆ ಬಿಗಿದುಕೊಂಡವು. ಬರಿಯ ಲೂಸಿನ್ ಅಥವಾ ಫಿನೈಲಅಲನಿನ್ ಕೊಟ್ಟಾಗಲೂ ಹಾಗೇ ಆಯಿತು. ಗ್ಲೈಸಿನ್, ಲೈಸಿನ್ ಕೊಟ್ಟಾಗ ಏನೂ ಆಗಲಿಲ್ಲ, ಏಕೆಂದರೆ ಅವು ಆ ದೋಣಿ ಹತ್ತುವವರಲ್ಲ. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ನಾನು ಕಂಡದ್ದು ಕಡಿಮೆ. ಹುರುಳಿ ಜೀರ್ಣವಾಗಿ ಬಂದ ಅಮೈನೋ ಆಮ್ಲಗಳು ಕರುಳಿನ ದಡದಲ್ಲೂ ಮಿದುಳಿನ ದಡದಲ್ಲೂ ಹರಿಗೋಲನ್ನು ತುಂಬಿಕೊಂಡಿದ್ದವು. ತಂದೆಯ ಮಾತ್ರೆ ಈಚೆ ದಡದಲ್ಲೇ ನಿಂತಿತ್ತು.

ಒಳಗೆ ಬಂದವರನ್ನು ಎತ್ತಿ ಹೊರಗೆ ಹಾಕುವ ಅಂಬಿಗರೂ ಇದ್ದಾರೆ. 1976ರಲ್ಲಿ ಟೊರೊಂಟೊದಲ್ಲಿ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್, ವಿಷಕ್ಕೆ ಜಗ್ಗದ ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ ಪಿ-ಗ್ಲೈಕೊಪ್ರೋಟೀನನ್ನು ಗುರುತಿಸಿದರು. ಜೀವಕೋಶದ ಇಂಧನವನ್ನು ಸುಟ್ಟು ಇದು ಅಪರಿಚಿತ ವಸ್ತುಗಳನ್ನು ಹೊರದೂಡುತ್ತದೆ. ಕ್ಯಾನ್ಸರ್ ಮದ್ದು ಕೆಲವೊಮ್ಮೆ ಸೋಲುವುದು ಇದರಿಂದ. ಆದರೆ ಇದೇ ನಮ್ಮ ಮಿದುಳಿನ ಕಾವಲುಗಾರನೂ ಹೌದು. ಆಮ್‌ಸ್ಟರ್‌ಡಾಮಿನ ಆಲ್ಫ್ರೆಡ್ ಶಿಂಕೆಲ್ ಮತ್ತು ಸಂಗಡಿಗರು ಈ ಪ್ರೋಟೀನಿನ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿದ್ದರು. ಇಲಿಗಳು ಆರೋಗ್ಯವಾಗಿಯೇ ಇದ್ದವು. ಮೈಮೇಲೆ ನುಸಿಯಾಯಿತೆಂದು ವಾಡಿಕೆಯಂತೆ ಐವರ್ಮೆಕ್ಟಿನ್ ಸಿಂಪಡಿಸಿದರು. ಆ ಇಲಿಗಳು ಸತ್ತವು. ಪರೀಕ್ಷಿಸಿದಾಗ ಮಿದುಳಿನಲ್ಲಿ ಆ ಮದ್ದು ಸಾಮಾನ್ಯ ಇಲಿಗಿಂತ ಸುಮಾರು 90 ಪಟ್ಟು ಸೇರಿಕೊಂಡಿತ್ತು. 1994ರ ಮಾತು ಇದು. ಕೋಲಿ ತಳಿಯ ನಾಯಿಗಳಲ್ಲಿ ಹಲವಕ್ಕೆ ಇದೇ ಜೀನ್ ಕೆಟ್ಟಿರುವುದು 2001ರಲ್ಲಿ ಗೊತ್ತಾಯಿತು. ಭೇದಿ ನಿಲ್ಲಿಸಲು ನಾವು ನುಂಗುವ ಲೋಪೆರಮೈಡ್ ಅಫೀಮಿನ ಗುಂಪಿಗೆ ಸೇರಿದ್ದು. ಹೇಳಿದಷ್ಟೇ ನುಂಗಿದರೆ ಅಮಲೇರದಿರುವುದು ಈ ಕಾವಲುಗಾರನಿಂದ.

ಮೂತ್ರಪಿಂಡದ ಅಂಬಿಗರ ಕಥೆ ಹೇಳುವಾಗ ಆಕ್ಸ್‌ಫರ್ಡಿನ ಪೊಲೀಸ್ ಪೇದೆ ಆಲ್ಬರ್ಟ್ ಅಲೆಕ್ಸಾಂಡರ್ ನೆನಪಾಗದೆ ಇರುವುದಿಲ್ಲ. 1941ರ ಫೆಬ್ರವರಿ 12ರಂದು ಆತನಿಗೆ ಪೆನಿಸಿಲಿನ್ ಕೊಡಲು ಶುರುಮಾಡಿದರು. ಜ್ವರ ಇಳಿಯಿತು, ಹಸಿವಾಯಿತು. ಆದರೆ ಮೂತ್ರಪಿಂಡ ಮದ್ದನ್ನು ತೂತಿನ ಪಾತ್ರೆಯಂತೆ ಸುರಿಯುತ್ತಿತ್ತು. ಆತನ ಮೂತ್ರವನ್ನು ಪ್ರಯೋಗಾಲಯಕ್ಕೆ ಒಯ್ದು ಪೆನಿಸಿಲಿನ್ ಹಿಂಡಿ ತೆಗೆದು ಮತ್ತೆ ಚುಚ್ಚಿದರು. ಅದೂ ಮುಗಿಯಿತು. ಮಾರ್ಚ್ 15ಕ್ಕೆ ಆತ ತೀರಿಕೊಂಡ. ಪೆನಿಸಿಲಿನ್ನನ್ನು ರಕ್ತದಿಂದ ಹೆಕ್ಕಿ ಮೂತ್ರಕ್ಕೆ ದಾಟಿಸುವ ಅಂಬಿಗರಿದ್ದಾರೆಂದು ಊಹಿಸಿ, ಅವರ ದೋಣಿಯನ್ನು ತುಂಬಿಸಿಬಿಡುವ ಮದ್ದನ್ನು ಕಾರ್ಲ್ ಬೈಯರ್ ಮತ್ತು ಸಂಗಡಿಗರು ಮುಂದೆ ಹುಡುಕಿದರು. ಅದೇ ಪ್ರೊಬೆನೆಸಿಡ್, 1950ರ ಆಸುಪಾಸು. ಆ ಅಂಬಿಗರಲ್ಲಿ ಮೊದಲಿಗನ ಜೀನ್ ಕೈಗೆ ಸಿಕ್ಕಿದ್ದು 1997ರಲ್ಲಿ. ಮುಖ ಕಾಣುವ ಮೊದಲೇ ಅವರಿಗೆ ಲಗಾಮು ಹಾಕಿಯಾಗಿತ್ತು.

ಮತ್ತೆ ನಮ್ಮ ಮನೆಗೆ ಬರುತ್ತೇನೆ. ನರರೋಗ ತಜ್ಞರನ್ನು ಕೇಳಿ, ಮಾತ್ರೆಯನ್ನು ಊಟಕ್ಕೆ ಒಂದು ಗಂಟೆ ಮುಂಚೆಗೆ ತಂದೆವು. ಹುರುಳಿ, ಬೇಳೆ, ಗಟ್ಟಿ ಮೊಸರು ರಾತ್ರಿಯ ಊಟಕ್ಕೆ ಹೋದವು. ಪ್ರೋಟೀನನ್ನು ಕಡಿಮೆ ಮಾಡಲಿಲ್ಲ. ಸೊರಗಿದ ಮೈಗೆ ಅದು ಬೇಕೇ ಬೇಕು, ಯಾರೂ ತಾವಾಗಿ ನಿಲ್ಲಿಸಬಾರದು. ಹೊತ್ತು ಮಾತ್ರ ಬದಲಾಯಿತು. ಮಧ್ಯಾಹ್ನಗಳು ಸುಧಾರಿಸಿದವು. ನಾವು ಮಾತ್ರೆಯ ಪಟ್ಟಿಯ ಮೇಲೆ ಪೆನ್ನಿನಲ್ಲಿ ಎಲ್ಲದಕ್ಕೂ “ಊಟದ ನಂತರ” ಎಂದು ಗೀಚಿ ಕಳಿಸುತ್ತೇವಲ್ಲ, ಆ ಅಭ್ಯಾಸದ ಮೇಲೆ ನನಗೆ ಅಂದಿನಿಂದ ತೀರದ ಸಿಟ್ಟು.

ಅಮ್ಮ ಹೋದ ಮೇಲೆ ಅವರ ಟ್ರಂಕಿನಲ್ಲಿ ಹಳೆಯ ಕ್ಯಾಲೆಂಡರ್ ಹಾಳೆಗಳು ಸಿಕ್ಕವು. ಹಾಲಿನ ಲೆಕ್ಕದ ಪಕ್ಕದಲ್ಲಿ ಕೆಲವು ತಾರೀಕುಗಳಿಗೆ “ಹು” ಎಂದು ಬರೆದಿತ್ತು. ಹುರುಳಿ ಮಾಡಿದ ದಿನಗಳು. “ಹು” ಇದ್ದ ಮನೆಗಳಲ್ಲಿ ಹೆಚ್ಚಿನವಕ್ಕೆ ಕೆಳಗೊಂದು ಸಣ್ಣ ಅಡ್ಡಗೆರೆ. ಅದೇನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ದಿನ ಸಂಜೆ ಅಪ್ಪನ ಅಂಗಿಗೆ ಗುಂಡಿ ಹಾಕಿದ್ದು ಅಮ್ಮ.