ಕರೆಂಟ್ ಕೊಡುವುದು ಎಂದರೆ: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ವಿಕಿರಣ ಚಿಕಿತ್ಸೆ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರು ಕ್ಯಾನ್ಸರ್ ಬಗ್ಗೆ ಮಾತನಾಡಲು ಬಂದಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ವೈದ್ಯನಲ್ಲ. ಆದರೆ 2023ರ ಬೇಸಿಗೆ ರಜೆಯನ್ನು ನಾನು ಪೂರ್ತಿ ಕಳೆದದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ರೇಡಿಯೇಷನ್ ವಿಭಾಗದ ಬೆಂಚಿನ ಮೇಲೆ. ರೋಗಿ ನಮ್ಮ ಅಬ್ಬಾ. ಅಲ್ಲಿ ಕಲಿತದ್ದನ್ನು ಮೊದಲೇ ಯಾರಾದರೂ ನಮಗೆ ಹೇಳಿದ್ದರೆ ಎಷ್ಟೋ ಕಷ್ಟ ತಪ್ಪುತ್ತಿತ್ತು ಎಂಬ ಕಾರಣಕ್ಕೆ ಈ ವಿಷಯ ಆರಿಸಿಕೊಂಡೆ. ಅಬ್ಬಾ ಅವರನ್ನು ಕೇಳಿಯೇ ಬಂದಿದ್ದೇನೆ. "ಹೇಳು, ಆದರೆ ನಾನು ಸಭೆಗೆ ಬರುವುದಿಲ್ಲ" ಎಂದರು.

ಅಬ್ಬಾ ನಲವತ್ತು ವರ್ಷ ರೀಲರ್ ಆಗಿದ್ದವರು. ಬೆಳಿಗ್ಗೆ ಗೂಡಿನ ಮಾರುಕಟ್ಟೆ, ಆಮೇಲೆ ಬೇಸಿನ್ ಮುಂದೆ ಬಿಸಿನೀರು, ಹಬೆ. ರಾತ್ರಿ ಐದಾರು ಸಲ ಮೂತ್ರಕ್ಕೆ ಏಳಲು ಆರಂಭಿಸಿದಾಗ "ವಯಸ್ಸಾಯಿತು" ಎಂದುಕೊಂಡರು. ಅಂಗಡಿಯ ಮಾತ್ರೆಯಲ್ಲಿ ಒಂದು ವರ್ಷ ಕಳೆಯಿತು. ಅಮ್ಮಿಗೆ ಗೊತ್ತಿತ್ತು, ಮಕ್ಕಳಾದ ನಮಗೆ ಗೊತ್ತಿರಲಿಲ್ಲ. ನಾಚಿಕೆ. ನಮ್ಮ ಮನೆಗಳಲ್ಲಿ ಸೊಂಟದ ಕೆಳಗಿನ ಕಾಯಿಲೆಗೆ ಹೆಸರೇ ಇರುವುದಿಲ್ಲ, "ಅದು" ಎಂದಷ್ಟೇ ಹೇಳುತ್ತೇವೆ.

ಅದರ ಹೆಸರು ಪ್ರಾಸ್ಟೇಟ್. ಗಂಡಸರಿಗೆ ಮಾತ್ರ ಇರುವ ಗ್ರಂಥಿ. ನಮ್ಮ ಮಾರುಕಟ್ಟೆಗೆ ಬರುವ ಒಳ್ಳೆಯ ಗೂಡಿಗಿಂತ ಸ್ವಲ್ಪ ದೊಡ್ಡದು ಎಂದುಕೊಳ್ಳಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇರುತ್ತದೆ. ಮೂತ್ರನಾಳ ಅದರ ನಡುವಿನಿಂದಲೇ ಹಾದು ಬರುತ್ತದೆ. ಈ ಮೂರು ಮಾತು ನೆನಪಿಟ್ಟುಕೊಳ್ಳಿ. ಚಿಕಿತ್ಸೆಯಲ್ಲಿ ಬರುವ ತೊಂದರೆಗಳೆಲ್ಲ ಈ ನೆರೆಹೊರೆಯಿಂದಲೇ ಬರುವುದು. ವಯಸ್ಸಾದಂತೆ ಈ ಗ್ರಂಥಿ ಊದುವುದು ಸಾಮಾನ್ಯ, ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿದ್ದರೆ ಮೊದಮೊದಲು ಏನೂ ತೊಂದರೆ ಕಾಣಿಸದೆಯೂ ಇರಬಹುದು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯಲ್ಲಿ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಬಯಾಪ್ಸಿ ಮಾಡಿದ ಮೇಲೆಯೇ ಅದು ಖಚಿತವಾಗುವುದು.

ಅಬ್ಬಾ ಅವರಿಗೆ ಖಚಿತವಾಯಿತು. ಬೇರೆ ಕಡೆ ಹರಡಿರಲಿಲ್ಲ. ವೈದ್ಯರು ಹಾರ್ಮೋನ್ ಇಂಜೆಕ್ಷನ್ ಕೊಟ್ಟು, ಕೆಲವು ತಿಂಗಳ ನಂತರ ರೇಡಿಯೇಷನ್ ಎಂದರು. ಪ್ರಾಸ್ಟೇಟ್ ಕ್ಯಾನ್ಸರ್ ಗಂಡು ಹಾರ್ಮೋನನ್ನು ತಿಂದು ಬೆಳೆಯುತ್ತದೆ, ಇಂಜೆಕ್ಷನ್ ಆ ಆಹಾರವನ್ನು ನಿಲ್ಲಿಸುತ್ತದೆ. ಎಲ್ಲರಿಗೂ ಇದು ಬೇಕಾಗುವುದಿಲ್ಲ. ಬೇಕಾದವರಿಗೆ ಕಾಯಿಲೆಯ ತೀವ್ರತೆ ನೋಡಿ ಆರು ತಿಂಗಳೂ ಆಗಬಹುದು, ಎರಡು ಮೂರು ವರ್ಷವೂ ಆಗಬಹುದು. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ಸುಸ್ತು, ಮನಸ್ಸು ಕುಗ್ಗುವುದು ಈ ಇಂಜೆಕ್ಷನ್ನಿನಿಂದ. ನಾವು ಅದನ್ನೂ ರೇಡಿಯೇಷನ್ ಲೆಕ್ಕಕ್ಕೆ ಸೇರಿಸಿ ಹೆದರಿದ್ದೆವು.

ನಮ್ಮ ಕಡೆ ರೇಡಿಯೇಷನ್‌ಗೆ "ಕರೆಂಟ್ ಕೊಡುವುದು" ಎನ್ನುತ್ತಾರೆ. ಉರ್ದುವಿನಲ್ಲಿ "ಬಿಜ್ಲಿ ಕಿ ಸಿಕಾಯಿ". ಈ ಹೆಸರುಗಳೇ ಅರ್ಧ ಕಾಯಿಲೆ ಎಂದು ನನಗೆ ಅನ್ನಿಸಿದೆ. ಅಬ್ಬಾ ಕೇಳಿದ ಮೊದಲ ಪ್ರಶ್ನೆ, "ಶಾಕ್ ಹೊಡೆಯುತ್ತದೆಯೇ?" ಎಂದು. ಹೊಡೆಯುವುದಿಲ್ಲ, ಸುಡುವುದೂ ಇಲ್ಲ. ಇದು ಎಕ್ಸ್‌ರೇಯ ಜಾತಿಯದೇ ಕಿರಣ, ಆದರೆ ಅದಕ್ಕಿಂತ ಬಹಳ ಶಕ್ತಿಯುತವಾದದ್ದು. ಎಕ್ಸ್‌ರೇ ತೆಗೆಸುವಾಗ ಏನೂ ಗೊತ್ತಾಗುವುದಿಲ್ಲವಲ್ಲ, ಹಾಗೆಯೇ ಇಲ್ಲಿಯೂ. ತಲೆಕೂದಲು ಉದುರುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ಹೊರಗಿನ ಯಂತ್ರದಿಂದ ಕಿರಣ ಕೊಟ್ಟಾಗ ರೋಗಿಯ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ದಸ್ತರಖ್ವಾನಿನಲ್ಲಿ ಊಟ ಮಾಡಬಹುದು. ನಮ್ಮ ನೆಂಟರೊಬ್ಬರು ಈ ಭಯದಿಂದ ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿದಾಗ ಅಬ್ಬಾ ಮುಖ ನೋಡಲಾಗಲಿಲ್ಲ. ಗ್ರಂಥಿಯೊಳಗೇ ಸಣ್ಣ ವಿಕಿರಣ ಕಾಳುಗಳನ್ನು ಇಟ್ಟು ಬಿಡುವ ಬೇರೊಂದು ವಿಧಾನವಿದೆ. ಅದರಲ್ಲಿ ಮಾತ್ರ ಸ್ವಲ್ಪ ಕಾಲ ಗರ್ಭಿಣಿಯರು, ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಹೇಳುತ್ತಾರೆ.

ಮೊದಲ ದಿನವೇ ಚಿಕಿತ್ಸೆ ಆರಂಭವಾಗುವುದಿಲ್ಲ. ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ನಕ್ಷೆ ತಯಾರಿಸುತ್ತಾರೆ. ಸೊಂಟದ ಮೇಲೆ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳನ್ನೋ ಪೆನ್ನಿನ ಗುರುತನ್ನೋ ಹಾಕುತ್ತಾರೆ. ದಿನವೂ ಅದೇ ಜಾಗಕ್ಕೆ ಗುರಿಯಿಡಲು ಅದು ಬೇಕು. ಪೆನ್ನಿನ ಗುರುತಾದರೆ ಗುಸುಲ್ ಮಾಡುವಾಗ ಉಜ್ಜಿ ಅಳಿಸಬೇಡಿ. ನಕ್ಷೆಯ ಲೆಕ್ಕ ಮುಗಿಯಲು ಕೆಲವು ದಿನ ಹಿಡಿಯುತ್ತದೆ. "ಬೇಗ ಕೊಡುವುದಿಲ್ಲ" ಎಂದು ಆ ದಿನಗಳಲ್ಲಿ ನಾನೇ ಗೊಣಗಿದ್ದೆ.

ನಂತರ ವಾರಕ್ಕೆ ಐದು ದಿನ, ಶನಿವಾರ ಭಾನುವಾರ ಬಿಡುವು. ಹಿಂದೆ ಏಳೂವರೆ ಎಂಟು ವಾರ ಕೊಡುತ್ತಿದ್ದರು, ಈಗಲೂ ಕೆಲವರಿಗೆ ಕೊಡುತ್ತಾರೆ. ದಿನದ ಪ್ರಮಾಣ ಸ್ವಲ್ಪ ಹೆಚ್ಚಿಸಿ ನಾಲ್ಕು ವಾರದಲ್ಲಿ, ಇಪ್ಪತ್ತು ಸಲದಲ್ಲಿ ಮುಗಿಸಿದರೂ ಫಲ ಅಷ್ಟೇ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2016ರಲ್ಲಿ ತೋರಿಸಿತು. ಅಬ್ಬಾ ಅವರಿಗೆ ಈ ಇಪ್ಪತ್ತರ ಲೆಕ್ಕ. ಕೆಲವರಿಗೆ ಐದೇ ಸಲದಲ್ಲಿ ಮುಗಿಸುವ ವಿಧಾನವೂ ಬಂದಿದೆ. ಯಾರಿಗೆ ಯಾವುದು ಎಂಬುದು ಕಾಯಿಲೆ ಮತ್ತು ಯಂತ್ರದ ಮೇಲೆ ಹೋಗುತ್ತದೆ. ಪಕ್ಕದ ಬೆಂಚಿನವರ ಚೀಟಿ ನೋಡಿ ಲೆಕ್ಕ ಹಾಕಬೇಡಿ.

ಎಲ್ಲವನ್ನೂ ಒಂದೇ ದಿನ ಯಾಕೆ ಕೊಡುವುದಿಲ್ಲ? ಅಬ್ಬಾ ಅವರಿಗೆ ನಾನು ಬೇಸಿನ್ ಉದಾಹರಣೆ ಕೊಟ್ಟೆ. ಗೂಡಿಗೆ ಎಷ್ಟು ಬಿಸಿ ಬೇಕೋ ಅಷ್ಟೇ ಕೊಟ್ಟರೆ ಎಳೆ ಬಿಚ್ಚುತ್ತದೆ, ಒಮ್ಮೆಗೇ ಹೆಚ್ಚು ಬೇಯಿಸಿದರೆ ರೇಷ್ಮೆಯೇ ಹಾಳು. ದಿನದಿನದ ಕಿರಣ ತಗುಲಿದ ಮೇಲೆ ಆರೋಗ್ಯವಂತ ಜೀವಕೋಶ ಮರುದಿನದೊಳಗೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅದು ಅಷ್ಟು ಚೆನ್ನಾಗಿ ಆಗುವುದಿಲ್ಲ. ಅವರು ತಲೆಯಾಡಿಸಿದರು. ಅದಕ್ಕೇ ಮನಸ್ಸು ಬಂದಂತೆ ಮಧ್ಯೆ ಮಧ್ಯೆ ದಿನ ತಪ್ಪಿಸುವುದು ಒಳ್ಳೆಯದಲ್ಲ.

ಇನ್ನು ಯಾರೂ ಸರಿಯಾಗಿ ಹೇಳದ ಸಂಗತಿ. ಚಿಕಿತ್ಸೆಯ ಹೊತ್ತಿಗೆ ಸಾಮಾನ್ಯವಾಗಿ ಮೂತ್ರಕೋಶ ತುಂಬಿರಬೇಕು, ಮಲ ಖಾಲಿಯಾಗಿರಬೇಕು. ಮೂತ್ರಕೋಶ ತುಂಬಿದ್ದರೆ ಅದರ ಬಹುಭಾಗವೂ ಕರುಳೂ ಕಿರಣದ ದಾರಿಯಿಂದ ದೂರ ಸರಿಯುತ್ತವೆ. ಮಲ, ಗ್ಯಾಸ್ ತುಂಬಿದ್ದರೆ ಪ್ರಾಸ್ಟೇಟ್ ಜಾಗ ಬದಲಿಸುತ್ತದೆ. ಆದ್ದರಿಂದ ಬೆಳಿಗ್ಗೆ ಶೌಚ ಮುಗಿಸಿ, ಆಸ್ಪತ್ರೆಗೆ ಹೋಗಿ, ಮೂತ್ರ ಮಾಡಿ, ಅವರು ಹೇಳಿದಷ್ಟು ನೀರು ಕುಡಿದು, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹಿಡಿದುಕೊಂಡು ಕೂರಬೇಕು. ಒಳಗೆ ಹೋದ ಮೇಲೆ ಕೆಲಸ ಹದಿನೈದು ಇಪ್ಪತ್ತು ನಿಮಿಷ, ಅದರಲ್ಲಿ ಕಿರಣ ಬೀಳುವುದು ಕೆಲವೇ ನಿಮಿಷ. ಕೋಣೆಯಲ್ಲಿ ರೋಗಿ ಒಬ್ಬರೇ. ಹೊರಗಿನವರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಕೂಗಿದರೆ ಕೇಳಿಸುತ್ತದೆ.

ಮೂರನೆಯ ವಾರ ಒಂದು ದಿನ ಯಂತ್ರ ಕೆಟ್ಟು ಒಂದೂವರೆ ಗಂಟೆ ತಡವಾಯಿತು. ಅಬ್ಬಾ ನೀರು ಕುಡಿದು ಕೂತಿದ್ದರು. ಕೇಳಲು ಸಂಕೋಚ. ಹಿಡಿದುಕೊಳ್ಳಲಾಗದೆ ಪೈಜಾಮ ಒದ್ದೆಯಾಯಿತು. ಜನ ತುಂಬಿದ ಹಾಲ್. ನಾನು ನನ್ನ ಬ್ಯಾಗನ್ನು ಅವರ ಮುಂದೆ ಹಿಡಿದು ಶೌಚಾಲಯದವರೆಗೆ ಕರೆದುಕೊಂಡು ಹೋದೆ. ಆ ದಿನ ವಾಪಸ್ ಬರುವಾಗ ದೇವನಹಳ್ಳಿ ದಾಟುವವರೆಗೂ ಅವರು ಮಾತಾಡಲಿಲ್ಲ. ವಿಜಯಪುರದ ಹತ್ತಿರ, "ಕಲ್ ಸೆ ಮೈ ನೈ ಆತೂಂ" ಎಂದರು. ಹದಿಮೂರು ಮುಗಿದಿತ್ತು, ಏಳು ಉಳಿದಿತ್ತು.

ರಾತ್ರಿ ಅಮ್ಮಿ ಅವರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ಐದಕ್ಕೆ ನಾನು ಎದ್ದಾಗ ಅಬ್ಬಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಮ್ಮಿ ಚೀಲದಲ್ಲಿ ಎರಡು ಲುಂಗಿ, ಒಂದು ಪೈಜಾಮ, ಟವೆಲ್ ಇಟ್ಟಿದ್ದರು. ಆಸ್ಪತ್ರೆಯಲ್ಲಿ ನಾನು ನಾಚಿಕೆ ಬಿಟ್ಟು ಯಂತ್ರ ನಡೆಸುವ ಹುಡುಗನಿಗೆ ನಡೆದದ್ದು ಹೇಳಿದೆ. ಅವನು ನಗಲಿಲ್ಲ. "ತಡವಾದರೆ ಬಾಗಿಲು ತಟ್ಟಿ ಸರ್. ಹೋಗಿ ಮೂತ್ರ ಮಾಡಿಬಿಡಲಿ, ಮತ್ತೆ ನೀರು ಕುಡಿಸಿ ಒಂದು ಗಂಟೆ ಬಿಟ್ಟು ತಗೋತೀವಿ. ದಿನಾ ಇಬ್ಬರು ಮೂವರಿಗೆ ಹೀಗೇ ಆಗುತ್ತೆ" ಎಂದ. ಇಷ್ಟೇ ಮಾತು. ಮೊದಲ ದಿನವೇ ಕೇಳಿದ್ದರೆ!

ತೊಂದರೆಗಳು ಸಾಮಾನ್ಯವಾಗಿ ಎರಡನೆಯ ಮೂರನೆಯ ವಾರದಿಂದ ಆರಂಭವಾಗುತ್ತವೆ. ಮೂತ್ರ ಪದೇ ಪದೇ ಬರುವುದು, ಬಂತೆಂದರೆ ತಡೆಯಲಾಗದಿರುವುದು, ಉರಿ, ಧಾರೆ ಸಣ್ಣಗಾಗುವುದು, ರಾತ್ರಿ ನಿದ್ದೆ ಕೆಡುವುದು. ಭೇದಿ, ಲೋಳೆ, ಗ್ಯಾಸ್, ಗುದದಲ್ಲಿ ಉರಿ ಬರಬಹುದು. ಸುಸ್ತು ದಿನದಿಂದ ದಿನಕ್ಕೆ ಏರುತ್ತದೆ. ಮುಗಿದ ಮೇಲೂ ಒಂದೆರಡು ವಾರ ಹೆಚ್ಚಾದಂತೆ ಕಂಡು, ನಂತರ ಒಂದೆರಡು ತಿಂಗಳಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ. ಉರಿ ಇದೆಯೆಂದು ನೀರು ಕಡಿಮೆ ಮಾಡಿದರೆ ಉರಿ ಇನ್ನೂ ಹೆಚ್ಚು. ಕಡಿಮೆ ಮಾಡಬೇಕಾದದ್ದು ಚಹಾ, ಕಾಫಿ, ಖಾರ. ನಮ್ಮ ಮನೆಯಲ್ಲಿ ಸುಲೈಮಾನಿ ಬಿಡಿಸಲು ಪಟ್ಟ ಪಾಡು ಬೇರೆಯೇ ಒಂದು ಭಾಷಣವಾಗುತ್ತದೆ. ವೈದ್ಯರು ವಾರಕ್ಕೊಮ್ಮೆ ನೋಡುತ್ತಾರೆ, ಉರಿಗೂ ಭೇದಿಗೂ ಮಾತ್ರೆ ಇದೆ, ಹೇಳಿದರೆ ಕೊಡುತ್ತಾರೆ. ನಾಟಿ ಔಷಧಿ, ಹಕೀಮರ ಪುಡಿ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಮೊದಲೇ ಹೇಳಬೇಕು.

ಮೂತ್ರ ಪೂರ್ತಿ ಕಟ್ಟಿಕೊಂಡರೆ, ಚಳಿಜ್ವರ ಬಂದರೆ, ರಕ್ತ ಗಡ್ಡೆಯಾಗಿ ಹೋದರೆ ಮಾತ್ರ ಸೋಮವಾರದವರೆಗೆ ಕಾಯಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ನಮಾಜಿನ ಚಿಂತೆ ಅಬ್ಬಾ ಅವರಿಗೆ ಉರಿಗಿಂತ ದೊಡ್ಡದಾಗಿತ್ತು. ಬಟ್ಟೆಗೆ ಹನಿ ಬೀಳುತ್ತದೆ, ವುಜೂ ನಿಲ್ಲುವುದಿಲ್ಲ, ಮಸೀದಿಗೆ ಹೇಗೆ ಹೋಗಲಿ ಎಂದು. ನಮ್ಮ ಮೊಹಲ್ಲಾದ ಮೌಲಾನಾ ಅವರನ್ನು ಕೇಳಿದೆವು. ತಡೆಯಲಾಗದವರು ಮಅಜೂರ್, ಪ್ರತಿ ನಮಾಜಿನ ವಕ್ತ್ ಆದ ಮೇಲೆ ಹೊಸದಾಗಿ ವುಜೂ ಮಾಡಿ ನಮಾಜ್ ಮಾಡಲಿ, ಆ ವಕ್ತ್‌ನಲ್ಲಿ ಹನಿ ಬಿದ್ದರೂ ವುಜೂ ಹೋಗುವುದಿಲ್ಲ ಎಂದರು. ಚಿಕಿತ್ಸೆ ಆರಂಭವಾದದ್ದು ರಂಜಾನಿನ ಕೊನೆಯ ಹತ್ತು ದಿನಗಳಲ್ಲಿ. ನೀರು ಕುಡಿಯದೆ ಚಿಕಿತ್ಸೆ ಆಗುವುದಿಲ್ಲ. ರೋಜಾ ಬಿಟ್ಟು ಆಮೇಲೆ ಕಜಾ ಮಾಡಬಹುದು ಎಂಬುದು ಅಬ್ಬಾ ಅವರಿಗೂ ಗೊತ್ತು. ಆದರೂ ಮೊದಲ ದಿನ ಆ ಲೋಟ ಎತ್ತುವಾಗ ಅವರ ಕೈ ನಡುಗಿತು.

ವಿದ್ಯಾರ್ಥಿಗಳ ಮುಂದೆ ಇದನ್ನು ಹೇಳುವುದೇ ಬೇಡವೇ ಎಂದು ಯೋಚಿಸಿದೆ, ಹೇಳುತ್ತೇನೆ. ಈ ಚಿಕಿತ್ಸೆಯಿಂದ ದಾಂಪತ್ಯದ ಶಕ್ತಿ ವರ್ಷಗಳಲ್ಲಿ ನಿಧಾನವಾಗಿ ಕುಗ್ಗಬಹುದು, ವೀರ್ಯ ಕಡಿಮೆಯಾಗುತ್ತದೆ, ಮಕ್ಕಳಾಗುವ ಸಾಧ್ಯತೆ ಹೋಗಬಹುದು. ಅದಕ್ಕೂ ಔಷಧಿಗಳಿವೆ. ಚಿಕಿತ್ಸೆಗೆ ಮೊದಲೇ ಗಂಡ ಹೆಂಡತಿ ಇಬ್ಬರೂ ಕೂತು ವೈದ್ಯರನ್ನು ಕೇಳುವುದು ಒಳ್ಳೆಯದು. ಮಕ್ಕಳಾದ ನಾವು ಆಗ ಹೊರಗೆ ಕೂರಬೇಕು. ವರ್ಷ ಎರಡು ವರ್ಷವಾದ ಮೇಲೂ ಕೆಲವರಿಗೆ ಮಲದಲ್ಲಿ ರಕ್ತ ಕಾಣಬಹುದು, ಕಂಡರೆ ಮೂಲವ್ಯಾಧಿ ಎಂದು ಸುಮ್ಮನಾಗದೆ ರೇಡಿಯೇಷನ್ ಕೊಟ್ಟ ವೈದ್ಯರಿಗೆ ತೋರಿಸಿ.

ಖರ್ಚಿನ ಮಾತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಿಮಗೆಲ್ಲ ಗೊತ್ತು. 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಸ್ವಾತಂತ್ರ್ಯ ಹೋರಾಟಗಾರರೂ ನೆಹರೂ ಸಂಪುಟದ ಮಂತ್ರಿಯೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಅದಕ್ಕಿದೆ. ಸೇಂಟ್ ಜಾನ್ಸ್, ರಾಮಯ್ಯ ಮುಂತಾದ ಆಸ್ಪತ್ರೆಗಳಲ್ಲೂ ರೇಡಿಯೇಷನ್ ಇದೆ. 2018ರಿಂದ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಪಡಿತರ ಚೀಟಿ, ಆಧಾರ್ ಎರಡರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಉರ್ದು ಹೆಸರನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದು ನಾವು ಎರಡು ದಿನ ಕಳೆದೆವು. ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ದಾದಾ, ನಾನಾ ಅವರ ಕಾರ್ಡುಗಳನ್ನು ಒಮ್ಮೆ ಓದಿ ನೋಡಿ, ಅದು ನೀವೇ ಮಾಡಬಹುದಾದ ಕೆಲಸ. ಬಸ್ಸಿನ ವಿಷಯ: 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಹೋಗುವ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ನಮ್ಮ ಇಪ್ಪತ್ತು ದಿನ ಮುಗಿದ ಮುಂದಿನ ತಿಂಗಳೇ ಬಂತು, ಅಮ್ಮಿ ಈಗಲೂ ಅದನ್ನು ಹೇಳಿ ನಗುತ್ತಾರೆ.

ಮೇ 10, ಚುನಾವಣೆಯ ದಿನ, ಮತಗಟ್ಟೆ ಕೆಲಸಕ್ಕೆಂದು ನಾನು ಹೋಗಬೇಕಾಗಿತ್ತು. ಅದರ ಹಿಂದುಮುಂದಿನ ದಿನಗಳಲ್ಲಿ ಅಬ್ಬಾ ಅವರ ಜೊತೆ ಹೋದದ್ದು ಪಿ.ಯು.ಸಿ. ಓದುವ ನನ್ನ ಅಕ್ಕನ ಮಗ. ಬಾಗಿಲು ತಟ್ಟಿ "ತಡ ಆಗುತ್ತಾ ಸರ್?" ಎಂದು ಕೇಳಿ ಬಂದನಂತೆ.

ಚಿಕಿತ್ಸೆ ಮುಗಿದ ದಿನ ಯಾವ ಪರೀಕ್ಷೆಯೂ "ವಾಸಿಯಾಯಿತು" ಎಂದು ಹೇಳುವುದಿಲ್ಲ. ಪಿ.ಎಸ್.ಎ. ನಿಧಾನವಾಗಿ ಇಳಿಯುತ್ತದೆ, ಒಂದೂವರೆ ಎರಡು ವರ್ಷವೂ ಹಿಡಿಯಬಹುದು. ನಡುವೆ ಸ್ವಲ್ಪ ಏರಿ ಮತ್ತೆ ಇಳಿಯುವುದೂ ಉಂಟು. ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಪರೀಕ್ಷೆ, ವರ್ಷಗಟ್ಟಲೆ. ಅಬ್ಬಾ ಅವರ ಮುಂದಿನ ಪರೀಕ್ಷೆ ಬರುವ ತಿಂಗಳಿದೆ. ಚೀಟಿ ಅಕ್ಕನ ಮಗನ ಹತ್ತಿರವೇ ಇರುತ್ತದೆ, ತಾರೀಖು ಅವನೇ ನೆನಪಿಸುತ್ತಾನೆ.

ಯಾರಿಗಾದರೂ ಸಭೆಯಲ್ಲಿ ಕೇಳಲು ಸಂಕೋಚವಿದ್ದರೆ, ಅಸರ್ ನಮಾಜಿನ ನಂತರ ನಾನು ಶಾಲೆಯ ವರಾಂಡದಲ್ಲಿ ಇರುತ್ತೇನೆ, ಬನ್ನಿ.